ಯೂನಿವರ್ಸಿಟಿ ಉಪನ್ಯಾಸಕ್ಕೆ ನಾವೂ ಹೋಗಬಹುದಾ?

ಪ್ರಶ್ನೆ: ಮೇಡಂ, ನಾನು ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಎಸ್ಸೆಸ್ಸೆಲ್ಸಿವರೆಗೆ ಓದಿದ್ದೇನೆ. ಮಗಳು ಮೊದಲ ಪಿಯುಸಿ, ವಿಜ್ಞಾನ. ಪೇಪರಿನ ‘ನಗರದಲ್ಲಿ ಇಂದು’ ಅಂಕಣದಲ್ಲಿ ಮೈಸೂರು ಯೂನಿವರ್ಸಿಟಿಯ ಮಾನಸಗಂಗೋತ್ರಿಯಲ್ಲಿ ನಡೆಯುವ ಉಪನ್ಯಾಸ, ವಿಚಾರ ಸಂಕಿರಣಗಳ ಸುದ್ದಿ ನೋಡಿ ಹೋಗೋಣ ಅಂತಾಳೆ. ನಮ್ಮಂಥವರನ್ನು ಒಳಗೆ ಬಿಡುತ್ತಾರಾ? ದುಡ್ಡು ಕಟ್ಟಬೇಕಾ? ನನಗೆ ಅರ್ಥ ಆಗುತ್ತಾ?
– ಒಬ್ಬ ತಾಯಿ, ಬನ್ನೂರು

ಉತ್ತರ: ಖಂಡಿತ ಹೋಗಿ ತಾಯಿ. ಮಗಳ ಜೊತೆ ನೀವೂ ಹೋಗಿ ಕೂತುಕೊಳ್ಳಿ. ಆಹ್ವಾನ ಪತ್ರಿಕೆಯ ಕೊನೆಯಲ್ಲಿ ‘ಸರ್ವರಿಗೂ ಸ್ವಾಗತ’ ಅಂತ ಇದ್ದರೆ ಅದು ನಿಮಗೂ ಸೇರಿದ್ದು.

ವಿಚಾರ ಸಂಕಿರಣದ ರೀತಿ ಸ್ವಲ್ಪ ಬೇರೆ. ಎರಡು ಮೂರು ದಿನ ನಡೆಯುತ್ತದೆ, ಪ್ರಬಂಧ ಓದುವವರಿಗೆ ನೋಂದಣಿ ಶುಲ್ಕ ಇರುತ್ತದೆ, ಊಟ, ಕಿಟ್ಟು ಎಲ್ಲ ಅದರಲ್ಲೇ. ಸುಮ್ನೆ ಕೇಳಲು ಬಂದವರು ಹಿಂದೆ ಕೂರಬಹುದಾ ಅಂತ ವಿಭಾಗಕ್ಕೆ ಮೊದಲೇ ಫೋನ್ ಮಾಡಿ ಕೇಳಿ.

ನೀವು ದತ್ತಿ ಉಪನ್ಯಾಸದಿಂದ ಶುರು ಮಾಡಿ ಅನ್ನುವುದು ನನ್ನ ಸಲಹೆ. ಯಾರೋ ತಮ್ಮ ತಂದೆಯದೋ ಗುರುಗಳದೋ ನೆನಪಿಗೆ ಒಂದಿಷ್ಟು ಹಣ ಇಟ್ಟಿರುತ್ತಾರೆ. ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಒಬ್ಬರನ್ನು ಕರೆಸಿ ಮಾತಾಡಿಸುತ್ತಾರೆ. ಜನ ಕಡಿಮೆ, ವಿಷಯ ಒಂದೇ, ಹೆಚ್ಚಾಗಿ ಒಂದು ಗಂಟೆಯಲ್ಲಿ ಮುಗಿಯುತ್ತದೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯದು ಇಲ್ಲ. ಸ್ವಾಗತ, ಹಾರ, ಶಾಲು, ಪರಿಚಯ ಅಂತಲೇ ಅರ್ಧ ಗಂಟೆ ಹೋಗುವ ಸಭೆಗಳೂ ಇವೆ. ಕೇಳಲು ಬಂದವರ ಸಮಯವನ್ನು ಹೀಗೆ ಕಳೆಯಬಾರದು ಅಂತ ಸಂಘಟಕರಿಗೆ ನಾನು ಹೇಳುತ್ತಲೇ ಇರುತ್ತೇನೆ.

ಅರ್ಥ ಆಗುತ್ತಾ ಅಂದಿರಿ. ಎಲ್ಲವೂ ಆಗುವುದಿಲ್ಲ. ಭೌತಶಾಸ್ತ್ರ ಪಾಠ ಮಾಡಿ ನಿವೃತ್ತಳಾದ ನನಗೂ ಜೀವಶಾಸ್ತ್ರದ ಉಪನ್ಯಾಸ ಪೂರ್ತಿ ಹತ್ತುವುದಿಲ್ಲ. ಆದರೆ ಒಳ್ಳೆಯ ಪ್ರಶ್ನೆ ಕೇಳಲು ಡಿಗ್ರಿ ಬೇಕಿಲ್ಲ. ಮಣ್ಣಿನ ಬಗ್ಗೆ ಒಂದು ಉಪನ್ಯಾಸ. ಹಿಂದಿನ ಸಾಲಿನಲ್ಲಿದ್ದ ರೈತರೊಬ್ಬರು ಎದ್ದು, ‘ಕಬ್ಬಿನ ತರಗು ಸುಡಬೇಡಿ ಅಂತೀರಿ ಸಾರ್, ಹಾಗೇ ಬಿಟ್ರೆ ಕೂಳೆಗೆ ಗೊಣ್ಣೆಹುಳ ಜಾಸ್ತಿ ಆಗಲ್ವಾ?’ ಅಂದರು. (ಕೂಳೆ ಅಂದರೆ ಕಬ್ಬು ಕಡಿದ ಮೇಲೆ ಅದೇ ಬುಡದಿಂದ ಮತ್ತೆ ಚಿಗುರುವ ಬೆಳೆ.) ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದ ವಿಜ್ಞಾನಿ ಕನ್ನಡಕ್ಕೆ ತಿರುಗಿ ಬಹಳ ಹೊತ್ತು ಉತ್ತರ ಹೇಳಿದರು. ಆ ದಿನದ ಅತಿ ಒಳ್ಳೆಯ ಭಾಗ ಅದೇ. ಮಗಳೂ ಕನ್ನಡದಲ್ಲೇ ಕೇಳಲಿ, ಅಂಜಿಕೆ ಬೇಡ.

ಅವಳಿಗೆ ಇದನ್ನೂ ಹೇಳಿ. ಸಿ.ವಿ. ರಾಮನ್ ಕಲ್ಕತ್ತದಲ್ಲಿ ಬೆಳಕಿನ ‘ರಾಮನ್ ಪರಿಣಾಮ’ವನ್ನು ಕಂಡದ್ದು 1928ರ ಫೆಬ್ರವರಿ 28ರಂದು. ಎರಡು ವಾರ ಕಳೆದು, ಮಾರ್ಚ್ 16ರಂದು, ಅದನ್ನು ವಿವರಿಸಿ ಅವರು ಉಪನ್ಯಾಸ ಕೊಟ್ಟದ್ದು ನಮ್ಮ ಬೆಂಗಳೂರಿನಲ್ಲಿ. ಅದಕ್ಕೆ ನೊಬೆಲ್ ಬಂದದ್ದು 1930ರಲ್ಲಿ. ಅವತ್ತು ಎದುರಿಗೆ ಕೂತಿದ್ದವರು ಎಷ್ಟು ಮೊದಲೇ ಕೇಳಿಸಿಕೊಂಡರು ನೋಡಿ!

ವಸ್ತುಪ್ರದರ್ಶನ ಇಷ್ಟವಾದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ಓಪನ್ ಡೇ’ಗೆ ಕರೆದುಕೊಂಡು ಹೋಗಿ. ವರ್ಷಕ್ಕೊಂದು ದಿನ, ಸಾಮಾನ್ಯವಾಗಿ ಫೆಬ್ರವರಿ ಅಥವಾ ಮಾರ್ಚಿನಲ್ಲಿ, ಅಲ್ಲಿನ ಪ್ರಯೋಗಾಲಯಗಳನ್ನು ಜನರಿಗೆ ತೆರೆದಿಡುತ್ತಾರೆ. ಸಂಶೋಧನಾ ವಿದ್ಯಾರ್ಥಿಗಳೇ ನಿಂತು ವಿವರಿಸುತ್ತಾರೆ. ಪರೀಕ್ಷೆ ಹತ್ತಿರ ಇರುತ್ತದೆ, ಆದರೂ ಒಂದು ದಿನ ಬಿಟ್ಟುಕೊಡಿ. ಬೇಸಾಯದ ಮನೆಯವರಾದರೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ಕೃಷಿಮೇಳವೂ ಇದೆ, ನವೆಂಬರ್ ಸುಮಾರಿಗೆ. ತಳಿಗಳು ಗದ್ದೆ ಹೊಲದಲ್ಲೇ ಬೆಳೆದು ನಿಂತಿರುತ್ತವೆ, ಮುಟ್ಟಿ ನೋಡಬಹುದು.

ಕೊನೆಗೊಂದು ಮಾತು. ಉಪನ್ಯಾಸ ಸಂಜೆ ಇದ್ದರೆ ಬನ್ನೂರಿಗೆ ಬಸ್ಸು ಎಷ್ಟೊತ್ತಿನವರೆಗೆ ಇದೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಪ್ರಶ್ನೋತ್ತರ ಇರುವುದೇ ಕೊನೆಯಲ್ಲಿ, ಅದಕ್ಕೆ ಮೊದಲೇ ಎದ್ದು ಬರುವಂತಾಗಬಾರದು.