ಬೆಡ್ ಸೋರ್ ಇದ್ದದ್ದೇ ಅಂತಾರೆ ಡಾಕ್ಟ್ರು, ಏನ್ ಮಾಡ್ಲಿ?

ಪ್ರಶ್ನೆ: ನಮ್ಮವ್ವಂಗೆ ಕ್ಯಾನ್ಸರ್, ಕೀಮೋ ಆದ್ಮೇಲೆ ಹಾಸಿಗೆ ಬಿಟ್ಟು ಏಳ್ತಿಲ್ಲ, ಸೊಂಟದ ಕೆಳಗೆ ಚರ್ಮ ಕೆಂಪಾಗೈತಿ. ಡಾಕ್ಟ್ರಿಗೆ ಹೇಳಿದ್ರೆ "ಕ್ಯಾನ್ಸರ್ ಪೇಷಂಟಿಗೆ ಇದ್ದದ್ದೇ, ಸಿಸ್ಟರ್ ನೋಡ್ತಾರೆ" ಅಂದ್ರು. ಏನ್ ಮಾಡ್ಲಿ ಸರ್?
– ಓದುಗರು, ಹರಿಹರ

ಉತ್ತರ: ಆ "ಇದ್ದದ್ದೇ" ಅನ್ನೋ ಮಾತು ಕೇಳಿದ್ರೆ ನನಗೆ ಸಂಕಟ ಆಗುತ್ತಮ್ಮ. ನಾವು ಡಾಕ್ಟ್ರುಗಳು ಗೆಡ್ಡೆ ಎಷ್ಟು ಕರಗ್ತು, ಬ್ಲಡ್ ಕೌಂಟ್ ಎಷ್ಟು ಅಂತ ನೋಡ್ತೀವಿ, ಪೇಷಂಟನ್ನ ಹೊರಳಿಸಿ ಬೆನ್ನು ನೋಡೋದು ಮರೀತೀವಿ, ಅದು ನರ್ಸ್ ಕೆಲಸ ಅನ್ನೋ ಭಾವನೆ ನಮ್ಮಲ್ಲಿ ಬಹಳ ಜನಕ್ಕೆ ಐತಿ. ಆದ್ರೆ ನೋವಿನ ಔಷಧಿ, ಸೋಂಕು, ಆಹಾರ ಇವೆಲ್ಲ ಡಾಕ್ಟ್ರೇ ತೀರ್ಮಾನ ಮಾಡ್ಬೇಕಾದ್ದು. ಬ್ರೇಡನ್ ಸ್ಕೇಲ್ ಅಂತ ಇದೆ, 6ರಿಂದ 23 ಅಂಕ, 18 ಅಥವಾ ಕಮ್ಮಿ ಬಂದ್ರೆ ಬೆಡ್ ಸೋರ್, ಅಂದ್ರೆ ಮಲಗಿದಲ್ಲೇ ಒತ್ತಡ ಬಿದ್ದು ಆಗೋ ಹುಣ್ಣಿನ ಅಪಾಯ ಇದೆ ಅಂತ ಅರ್ಥ, ಅದನ್ನ ಲೆಕ್ಕ ಹಾಕಿ ಅಂತ ಧೈರ್ಯವಾಗಿ ಕೇಳಿ.

ಈಗ ಆ ಕೆಂಪು ಜಾಗನ ಬೆರಳಲ್ಲಿ ಮೆಲ್ಲಗೆ ಒತ್ತಿ ಬಿಡಿ. ಬೆಳ್ಳಗಾಗದೆ ಕೆಂಪಗೇ ಉಳಿದ್ರೆ ಹುಣ್ಣು ಶುರುವಾಗಿದೆ ಅಂತ. ಕಪ್ಪು ಮೈಬಣ್ಣದವರಲ್ಲಿ ಕೆಂಪು ಕಾಣೋದೇ ಕಷ್ಟ, ಮುಟ್ಟಿದ್ರೆ ಬಿಸಿ ಇದೆಯಾ, ಗಟ್ಟಿ ಇದೆಯಾ ನೋಡ್ಬೇಕು. ಅಲ್ಲಿ ತಿಕ್ಕಬೇಡಿ, ಸೊಂಟದ ಕೆಳಗಿಡೋ ಗಾಳಿ ತುಂಬೋ ರಿಂಗೂ ಬೇಡ. ಎರಡೆರಡು ಗಂಟೆಗೆ ಮಗ್ಗಲು ಬದಲಿಸಿ, ಪೂರ್ತಿ ಅಲ್ಲ, 30 ಡಿಗ್ರಿ ವಾಲಿಸಿ ಬೆನ್ನಿಗೆ ದಿಂಬು ಕೊಡಿ, ಮೀನಖಂಡದ ಕೆಳಗೊಂದು ದಿಂಬಿಟ್ರೆ ಹಿಮ್ಮಡಿ ಹಾಸಿಗೆಗೆ ತಾಗಲ್ಲ. ನಮ್ಮ ದಾವಣಗೆರೆ ಬಿಸಿಲಿಗೆ ಪ್ಲಾಸ್ಟಿಕ್ ಶೀಟ್ ಮೇಲೆ ಬೆವರು ನಿಲ್ಲುತ್ತೆ, ಮೇಲೆ ಹತ್ತಿ ಬಟ್ಟೆ ಹಾಸಿ.

ಎಷ್ಟೇ ನೋಡ್ಕೊಂಡ್ರೂ ಕಾಯಿಲೆ ಬಲಿತಾಗ ಕೆಲವು ಹುಣ್ಣು ಆಗೇ ಆಗ್ತವೆ, ಅದು ನಿಮ್ಮ ತಪ್ಪಲ್ಲ. ಮುಂದಿನ ಸಲ ಹೋದಾಗ "ಸರ್, ಒಂದ್ಸಲ ಹೊರಳಿಸಿ ನೋಡಿ" ಅನ್ನಿ, ನೋಡೋವರೆಗೂ ಅಲ್ಲಿಂದ ಏಳಬೇಡಿ.