ಹೆಡ್‌ಲೈಟ್ ಹೊಸದು, ಬೆಳಕು ಬೀಳುವುದೆಲ್ಲಿ?

ವಾಹನ ಪ್ರಶ್ನೋತ್ತರ

ಪ್ರಶ್ನೆ: ಕಾರಿನ ಬಲಬದಿಯ ಹೆಡ್‌ಲೈಟ್ ಒಡೆದು ಹೊಸ ಅಸೆಂಬ್ಲಿ ಹಾಕಿಸಿದ್ದೇನೆ. ಅಂದಿನಿಂದ ಚೆರ್ಕಳ–ಜಾಲ್ಸೂರು ರಸ್ತೆಯಲ್ಲಿ ಡಿಮ್ ಹಾಕಿಕೊಂಡೇ ಹೋದರೂ ಎದುರಿನವರು ಲೈಟ್ ಮಿಟುಕಿಸುತ್ತಾರೆ. ಮನೆಯಲ್ಲೇ ಸರಿಪಡಿಸಬಹುದೇ?
– ಓದುಗರು, ಮುಳ್ಳೇರಿಯ

ಉತ್ತರ: ಸರಿಪಡಿಸಬಹುದು. ಆದರೆ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಬಲ್ಬ್ ಸರಿಯಾಗಿ ಕೂತಿದೆಯೇ ನೋಡಿ. ನಿಮ್ಮದು ಎಚ್4 ಬಲ್ಬ್ (ಡಿಮ್, ಬ್ರೈಟ್ ಎರಡೂ ಒಂದರಲ್ಲೇ ಇರುವುದು) ಆಗಿದ್ದರೆ ಅದರ ತಗಡಿನ ಬಳೆಯಲ್ಲಿ ಮೂರು ಕಿವಿಗಳಿರುತ್ತವೆ. ಅಗಲದ ಕಿವಿ ಮೇಲೆ ಬರಬೇಕು, ಮೂರೂ ತಮ್ಮ ತಮ್ಮ ಕಚ್ಚಿನಲ್ಲಿ ಕೂರಬೇಕು, ತಂತಿ ಕ್ಲಿಪ್ ಎರಡೂ ಕಡೆ ಬಿಗಿಯಾಗಬೇಕು. ಒಂದು ಕಿವಿ ಎದ್ದಿದ್ದರೂ ಬೆಳಕು ಚದುರುತ್ತದೆ. ಅದನ್ನು ಯಾವ ಸ್ಕ್ರೂವೂ ಸರಿಮಾಡದು. ಡ್ಯಾಶ್‌ಬೋರ್ಡಿನಲ್ಲಿ ಬೆಳಕನ್ನು ಮೇಲೆ–ಕೆಳಗೆ ಮಾಡುವ 0, 1, 2, 3 ಎಂಬ ಲೆವೆಲಿಂಗ್ ಚಕ್ರ ಇರುವ ಕಾರಾದರೆ ಹೆಡ್‌ಲೈಟಿನ ಹಿಂದೆ ಒಂದು ಪುಟ್ಟ ಮೋಟಾರ್ ಇರುತ್ತದೆ. ಅದರ ಗುಂಡುತುದಿ ರಿಫ್ಲೆಕ್ಟರಿನ (ಬಲ್ಬಿನ ಬೆಳಕನ್ನು ಮುಂದಕ್ಕೆ ಕಳಿಸುವ ಹೊಳಪಿನ ಬಟ್ಟಲಿನ) ಗೂಡಿಗೆ ಟಕ್ಕೆಂದು ಕೂತಿರಬೇಕು. ಅಸೆಂಬ್ಲಿ ಬದಲಿಸುವಾಗ ಇದು ತಪ್ಪಿಹೋಗುವುದು ಹೆಚ್ಚು, ಆಗ ಬೆಳಕು ಹೊಂಡಹೊಂಡಕ್ಕೂ ಕುಣಿಯುತ್ತದೆ.

ಇನ್ನು ಜಾಗ. ನಮ್ಮ ಕಡೆಯ ಮನೆಗಳಲ್ಲಿ ಇದಕ್ಕೆ ಅಡಿಕೆ ಒಣಗಿಸುವ ಸಿಮೆಂಟಿನ ಅಂಗಳವೇ ಒಳ್ಳೆಯದು. ನೀರು ಹರಿಯಲೆಂದು ಅಂಗಳಕ್ಕೆ ಸ್ವಲ್ಪ ಓಟ (ಇಳಿಜಾರು) ಕೊಟ್ಟಿರುತ್ತಾರೆ. ಆ ಓಟ ಹಿಂದಿನ ಚಕ್ರದಿಂದ ಗೋಡೆಯವರೆಗೂ ಒಂದೇ ಸಮನಾಗಿದ್ದರೆ ತೊಂದರೆಯಿಲ್ಲ; ನಡುವೆ ತಗ್ಗೋ ಉಬ್ಬೋ ಇದ್ದರೆ ಲೆಕ್ಕವೆಲ್ಲ ಕೆಡುತ್ತದೆ. ಎರಡೂವರೆ ಮೀಟರ್ ಅಂತರದ ಚಕ್ರಗಳಲ್ಲಿ ಮುಂದಿನದು 2.5 ಸೆಂಟಿಮೀಟರ್ ತಗ್ಗಿನಲ್ಲಿ ನಿಂತರೆ ಶೇಕಡಾ 1ರಷ್ಟು ತಪ್ಪಾಯಿತು. ಬೆಳಕಿಗೆ ನೀವು ಇಡಬೇಕಾದ ಇಳಿಕೆಯೇ (ಮುಂದೆ ಹೋದಂತೆ ಅದು ಕೆಳಗಿಳಿಯುವ ಪ್ರಮಾಣ) ಸುಮಾರು ಅಷ್ಟು! ಮೇಸ್ತ್ರಿಗಳು ಲೆವೆಲ್ ನೋಡುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಹಿಂದಿನ ಚಕ್ರ, ಮುಂದಿನ ಚಕ್ರ, ಗೋಡೆಯ ಬುಡ, ಈ ಮೂರು ಕಡೆ ಅಳೆದುಬಿಡಿ. ಎಡ–ಬಲ ಚಕ್ರಗಳೂ ಸಮನಾಗಿರಲಿ. ಗಾರೆ ಮಾಡದ ಮುರಕಲ್ಲಿನ ಗೋಡೆಯಲ್ಲಿ ಬೆಳಕಿನ ಅಂಚು ಕಾಣುವುದಿಲ್ಲ. ಬಿಳಿ ಪಂಚೆಯನ್ನು ಬಿಗಿಯಾಗಿ ಕಟ್ಟಿ.

ಟಯರಿನ ಗಾಳಿ ಬಾಗಿಲ ಚೌಕಟ್ಟಿನ ಸ್ಟಿಕರ್‌ನಲ್ಲಿರುವಷ್ಟು, ಡಿಕ್ಕಿ ಖಾಲಿ, ಡ್ರೈವರ್ ಸೀಟಿನಲ್ಲಿ ಒಬ್ಬರು, ಲೆವೆಲಿಂಗ್ ಚಕ್ರ 0ಯಲ್ಲಿ. ಮುಂದೆ ಹಿಂದೆ ಕಾರನ್ನು ಒತ್ತಿ ಅಲುಗಾಡಿಸಿ ಬಿಡಿ, ಸಸ್ಪೆನ್ಷನ್ ತನ್ನ ಮಟ್ಟಕ್ಕೆ ಬರಲಿ.

ಕಾರನ್ನು ಗೋಡೆಗೆ ತಾಗುವಷ್ಟು ಹತ್ತಿರ, ನೇರವಾಗಿ ತನ್ನಿ. ಎರಡೂ ಹೆಡ್‌ಲೈಟುಗಳ ನಡುಬಿಂದುವನ್ನು ಪಂಚೆಯ ಮೇಲೆ ಗುರುತಿಸಿ, ಪ್ರತಿ ಬಿಂದುವಿನ ಮೂಲಕ ಒಂದು ನೆಟ್ಟನೆಯ ಗೆರೆ ಎಳೆಯಿರಿ. ಆಮೇಲೆ ಸ್ಟೀರಿಂಗ್ ತಿರುಗಿಸದೆ 5 ಮೀಟರ್ ಹಿಂದಕ್ಕೆ. ಹೆಡ್‌ಲೈಟಿನ ಮೇಲ್ಭಾಗದಲ್ಲೋ ಬಾನೆಟ್ ಒಳಗಿನ ಸ್ಟಿಕರ್‌ನಲ್ಲೋ ದೀಪದ ಚಿತ್ರದ ಜೊತೆ 1.0%, 1.2%, 1.3% ಎಂದೇನಾದರೂ ಅಚ್ಚಾಗಿರುತ್ತದೆ. ನಿಮ್ಮ ಕಾರಿಗೆ ಬೇಕಾದ ಇಳಿಕೆ ಅದೇ. 1.2 ಎಂದಿದ್ದರೆ 5 ಮೀಟರ್‌ನಲ್ಲಿ 6 ಸೆಂಟಿಮೀಟರ್. ನಡುಬಿಂದುವಿನಿಂದ ಅಷ್ಟು ಕೆಳಗೆ ಅಡ್ಡಗೆರೆ ಹಾಕಿ.

ಡಿಮ್ ಹಾಕಿ. ಒಂದು ಬದಿ ನೋಡುವಾಗ ಇನ್ನೊಂದರ ಎದುರು ರಟ್ಟು ಹಿಡಿಯಿರಿ. ಉರಿಯುವ ದೀಪಕ್ಕೆ ಬಟ್ಟೆ ಹೊದಿಸಬೇಡಿ, ಪ್ಲಾಸ್ಟಿಕ್ ಗಾಜು ಹಾಳಾಗುತ್ತದೆ. ಬೆಳಕಿನ ಮೇಲಂಚು ಬಲಕ್ಕೆ ಚಪ್ಪಟೆಯಾಗಿಯೂ ಎಡಕ್ಕೆ ಓರೆಯಾಗಿ ಏರಿಯೂ ಇರಬೇಕು. ಚಪ್ಪಟೆ ಭಾಗ ಅಡ್ಡಗೆರೆಯ ಮೇಲೆ, ಓರೆ ಶುರುವಾಗುವ ಮೂಲೆ ನೆಟ್ಟನೆಯ ಗೆರೆಯ ಮೇಲೆ. ಹಿಂಬದಿಯ ಎರಡು ಸ್ಕ್ರೂಗಳಲ್ಲಿ ಒಂದು ಮೇಲೆ–ಕೆಳಗೆ, ಇನ್ನೊಂದು ಎಡ–ಬಲ. ಸಾಮಾನ್ಯವಾಗಿ ಸ್ಟಾರ್ ಸ್ಕ್ರೂಡ್ರೈವರ್ ಸಾಕು. ಅರ್ಧ ಸುತ್ತು ತಿರುಗಿಸಿ, ಗೋಡೆ ನೋಡಿ, ಮತ್ತೆ ಅರ್ಧ ಸುತ್ತು. ಕೊನೆಯ ತಿರುವು ಬೆಳಕನ್ನು ಮೇಲೆತ್ತುವ ಕಡೆಗಿರಲಿ, ಆಗ ಸ್ಕ್ರೂವಿನ ಹಲ್ಲುಗಳ ಸಡಿಲು ಉಳಿಯುವುದಿಲ್ಲ. ಸ್ಕ್ರೂ ತಿರುಗಿದರೂ ಬೆಳಕು ಅಲುಗದಿದ್ದರೆ ಒಳಗಿನ ಪ್ಲಾಸ್ಟಿಕ್ ನಟ್ ಒಡೆದಿದೆ. ಆ ಅಸೆಂಬ್ಲಿಯನ್ನು ಹಿಂದಿರುಗಿಸಿ. ಎಚ್4ನಲ್ಲಿ ಡಿಮ್ ಸರಿಯಾದರೆ ಬ್ರೈಟ್ ತಾನಾಗಿ ಸರಿಯಾಗುತ್ತದೆ.

ಇಷ್ಟು ಸೂಕ್ಷ್ಮ ಏಕೆಂದರೆ, ನೆಲದಿಂದ 65 ಸೆಂಟಿಮೀಟರ್ ಎತ್ತರದ ದೀಪ ಶೇಕಡಾ 1 ಇಳಿದಿದ್ದರೆ ಬೆಳಕಿನ ಅಂಚು 65 ಮೀಟರ್ ದೂರದಲ್ಲಿ ರಸ್ತೆ ಮುಟ್ಟುತ್ತದೆ. ಅದೇ ಶೇಕಡಾ 1 ಮೇಲಕ್ಕಿದ್ದರೆ 50 ಮೀಟರ್‌ನಲ್ಲಿ 115 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಅದು ಸುಮಾರಾಗಿ ಎದುರಿನ ಕಾರು ಓಡಿಸುವವರ ಕಣ್ಣು. ಹೆದರಿ ಶೇಕಡಾ 2.5ಕ್ಕೆ ಇಳಿಸಿದರೆ 26 ಮೀಟರ್ ಮಾತ್ರ ಕಾಣುತ್ತದೆ, ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದೂವರೆ ಸೆಕೆಂಡಿನ ದಾರಿ. ತಿರುವುಗಳ ಆ ರಸ್ತೆಗೆ ಅದು ಸಾಲದು.

ಪ್ರಶ್ನೆ: ನನ್ನ ಕಾರಿನದೇ ಮಾದರಿಯ ಹೆಡ್‌ಲೈಟ್ ಜೋಡಿಯನ್ನು ತಮ್ಮ ದುಬೈಯಿಂದ ತಂದಿದ್ದಾನೆ. ಹಾಕಬಹುದೇ?
– ಓದುಗರು, ಉಪ್ಪಳ

ಉತ್ತರ: ದಯವಿಟ್ಟು ಬೇಡ. ಅಲ್ಲಿ ವಾಹನಗಳು ರಸ್ತೆಯ ಬಲಕ್ಕೆ ಓಡುತ್ತವೆ, ಹಾಗಾಗಿ ಬೆಳಕಿನ ಓರೆ ಬಲಕ್ಕೆ ಏರುತ್ತದೆ. ನಮ್ಮಲ್ಲಿ ಅದು ನೇರ ಎದುರಿನವರ ಮುಖಕ್ಕೆ. ಆ ಆಕಾರ ರಿಫ್ಲೆಕ್ಟರಿನಲ್ಲೇ ಇದೆ, ಸ್ಕ್ರೂ ತಿರುಗಿಸಿ ಬದಲಿಸಲಾಗದು. ಗಾಜಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಇ’ (E) ಅಕ್ಷರ ಮತ್ತು ಅಂಕಿ ಇದ್ದರೆ ಅದರ ಬಳಿ ಬಾಣದ ಗುರುತು ಹುಡುಕಿ. ದೀಪದ ಎದುರು ನಿಂತವರ ಬಲಕ್ಕೆ ಬಾಣವಿದ್ದರೆ ನಮ್ಮಂತೆ ಎಡಕ್ಕೆ ಓಡಿಸುವ ದೇಶದ್ದು; ಎರಡೂ ಕಡೆ ಬಾಣವಿದ್ದರೆ ಎರಡಕ್ಕೂ ಹೊಂದಿಸಬಹುದಾದದ್ದು; ಬಾಣವೇ ಇಲ್ಲದಿದ್ದರೆ ಬಲಕ್ಕೆ ಓಡಿಸುವ ದೇಶದ್ದು. ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 106ನೇ ನಿಯಮದಂತೆ, ದೀಪದಿಂದ 8 ಮೀಟರ್ ಮುಂದೆ, ವಾಹನದ ಬಲ ಅಂಚಿನಿಂದ ಅರ್ಧ ಮೀಟರ್ ಆಚೆ, ಒಂದೂವರೆ ಮೀಟರ್ ಎತ್ತರದಲ್ಲಿರುವ ಕಣ್ಣಿಗೆ ಬೆಳಕು ಕುಕ್ಕಬಾರದು.

ಪ್ರಶ್ನೆ: ಬೆಳಕು ಮಂಕಾಗಿದೆ. ಹಳೆಯ ಹ್ಯಾಲೊಜೆನ್ ಅಸೆಂಬ್ಲಿಗೇ ಎಲ್ಇಡಿ ಬಲ್ಬ್ ಹಾಕಿ ಲೆವೆಲ್ ಮಾಡಿದರೆ ಸಾಕೇ?
– ಓದುಗರು, ಕುಂಬಳೆ

ಉತ್ತರ: ಸಾಲದು. ರಿಫ್ಲೆಕ್ಟರಿನ ಪ್ರತಿ ಬಾಗೂ ಹ್ಯಾಲೊಜೆನ್ ತಂತಿ ಉರಿಯುವ ಜಾಗವನ್ನು ಲೆಕ್ಕ ಹಾಕಿಯೇ ಮಾಡಿದ್ದು. ಎಲ್ಇಡಿ ಚಿಪ್‌ಗಳ ಆಕಾರ ಬೇರೆ, ಬೆಳಕು ಅಂಚು ಮೀರಿ ಚೆಲ್ಲುತ್ತದೆ. ಮಂಕಿಗೆ ಕಾರಣ ಬೇರೆಡೆ ಇರಬಹುದು. ಬಲ್ಬಿಗೆ ವೋಲ್ಟೇಜ್ ಶೇಕಡಾ 10 ಕಡಿಮೆಯಾದರೆ ಬೆಳಕು ಶೇಕಡಾ 30ರಷ್ಟು ಇಳಿಯುತ್ತದೆ. ಬಲ್ಬಿನ ಕರೆಂಟ್ ಕಾರಿನ ಮೈಗೆ ಮರಳುವ ಅರ್ತ್ ಬೋಲ್ಟುಗಳು ಕಡಲ ಗಾಳಿಗೆ ಬೇಗ ತುಕ್ಕು ಹಿಡಿಯುತ್ತವೆ, ವೋಲ್ಟೇಜ್ ಅಲ್ಲೇ ಕಳೆದುಹೋಗುತ್ತದೆ. ಎಂಜಿನ್ ಚಾಲೂ ಇಟ್ಟು, ಡಿಮ್ ಹಾಕಿ, ಬ್ಯಾಟರಿಯ ನೆಗೆಟಿವ್ ಮತ್ತು ಹೋಲ್ಡರಿನ ಅರ್ತ್ ಪಿನ್ ನಡುವೆ ಮಲ್ಟಿಮೀಟರ್ ಇಡಿ. 0.2 ವೋಲ್ಟ್‌ಗಿಂತ ಹೆಚ್ಚು ತೋರಿಸಿದರೆ ಅರ್ತ್ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಉಜ್ಜಿ, ಬಿಗಿದು ಮೇಲೆ ಗ್ರೀಸ್ ಹಚ್ಚಿ. ಹೋಲ್ಡರ್ ಸುಟ್ಟು ಕಪ್ಪಾಗಿದ್ದರೆ ಅದನ್ನೂ ಬದಲಿಸಿ, 60/55 ವ್ಯಾಟ್‌ನ ಹೊಸ ಹ್ಯಾಲೊಜೆನ್ ಬಲ್ಬ್ ಹಾಕಿ. ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ.