ಡಲ್ಲಾಸ್‌ಗೆ ಹೊರಟ ಗಂಗಾವತಿಯ ತಂಗಿಗೆ

ತಂಗೀ, ನೀವು ಕೇಳಿದ್ದು ಮೂರು ವಿಷಯ. ಯಜಮಾನರಿಗೆ ಅಮೆರಿಕದ ಟೆಕ್ಸಾಸ್ ರಾಜ್ಯದ ಡಲ್ಲಾಸ್‌ಗೆ ವರ್ಗ ಆಗಿದೆ, ಯಾವ ಏರಿಯಾದಲ್ಲಿ ಮನೆ ನೋಡಬೇಕು? ಜೋಳದ ಹಿಟ್ಟು ಸಿಗುತ್ತಾ? ಮೂರನೆಯದು, "ಕಪ್ಪು ಜನ ಇರೋ ಕಡೆ ಹೋಗಬೇಡಿ, ಹದಿನಾಲ್ಕರ ಹುಡುಗ, ಹೊಡೆದು ಹಾಕ್ತಾರೆ ಅಂತ ನಮ್ಮ ಮಾವ ಹೆದರಿಸ್ತಾರೆ, ನಿಜವಾ ಅಕ್ಕಾ?"

ಹಿಟ್ಟು ಸಿಗುತ್ತದೆ. ಸಿಂಧನೂರಿನ ಗಿರಣಿ ಹಿಟ್ಟಿನಂತಿರಲ್ಲ, ತಟ್ಟುವಾಗ ಅಂಚು ಒಡೆಯುತ್ತದೆ. ಖಡಕ್ ರೊಟ್ಟಿ ಕಟ್ಟಿಕೊಂಡೇ ಬನ್ನಿ. ಮನೆಯ ವಿಷಯ ಮೂರನೆಯದರ ಜೊತೆಗೇ ಹೇಳುತ್ತೇನೆ.

ನಾವು ಬಂದಾಗ ನಮಗೂ ಇದೇ ಮಾತು ಹೇಳಿದ್ದರು. ಹೇಳಿದವರೂ ನಮ್ಮ ಕಡೆಯವರೇ. ವಿಮಾನ ಇಳಿದು ಕಾರು ಹತ್ತಿದ್ದೇ ತಡ, ಕಿಟಕಿಯಾಚೆ ಬೆರಳು ತೋರಿಸಿ "ಆ ಕಡೆ ಬೇಡ, ಈ ಕಡೆ ಬೇಡ" ಅಂತ ಶುರುವಾಯಿತು.

ಇಲ್ಲಿ ಸರ್ಕಾರ 1973ರಿಂದ ಒಂದು ಸಮೀಕ್ಷೆ ನಡೆಸುತ್ತಿದೆ. ಕೆಲವು ಮನೆಗಳನ್ನು ಆರಿಸಿ, 12 ವರ್ಷ ತುಂಬಿದ ಎಲ್ಲರನ್ನೂ ಕೇಳುತ್ತಾರೆ: ಯಾರಾದರೂ ಹೊಡೆದರಾ, ಕಸಿದುಕೊಂಡರಾ, ಪೊಲೀಸರಿಗೆ ಹೇಳಿದಿರಾ? ಹೀಗಾಗಿ ಠಾಣೆಯ ಲೆಕ್ಕಕ್ಕೆ ಸಿಗದ ಏಟೂ ಇದರಲ್ಲಿ ಬರುತ್ತದೆ. ಜಾನೆಟ್ ಲಾರಿಟ್ಸನ್ ಎಂಬ ಪ್ರೊಫೆಸರ್ 1995ರ ಉತ್ತರಗಳನ್ನು ಹಿಡಿದು ಹದಿಹರೆಯದವರ ಲೆಕ್ಕ ತೆಗೆದರು. 2003ರಲ್ಲಿ ನ್ಯಾಯ ಇಲಾಖೆ ಅದನ್ನು ಪ್ರಕಟಿಸಿತು. ಮೇಲ್ನೋಟಕ್ಕೆ ಬಿಳಿ ಮಕ್ಕಳಿಗಿಂತ ಕಪ್ಪು ಮಕ್ಕಳಿಗೆ, ಹಿಸ್ಪಾನಿಕ್ (ಸ್ಪ್ಯಾನಿಷ್ ಮಾತಾಡುವ ದೇಶಗಳ ಮೂಲದ) ಮಕ್ಕಳಿಗೆ ಅಪಾಯ ಜಾಸ್ತಿ. ಸರಿಯಾಗಿ ಕೇಳಿಸಿಕೊಳ್ಳಿ, ಏಟು ತಿನ್ನುವ ಅಪಾಯ! ಮಾವನವರು ಯಾರಿಗೆ ಹೆದರುತ್ತಾರೋ ಆ ಮಕ್ಕಳೇ ಹೆಚ್ಚು ಪೆಟ್ಟು ತಿನ್ನುವವರು. ಇನ್ನೂ ಒಂದಿದೆ. ಮನೆಯಲ್ಲಿ ತಾಯಿ ತಂದೆ ಇಬ್ಬರೂ ಇದ್ದಾರಾ, ಓಣಿಯಲ್ಲಿ ಬಡತನ ಎಷ್ಟು, ಆ ಮನೆಗೆ ಬಂದು ಎಷ್ಟು ಕಾಲವಾಯಿತು ಅಂತ ಇವನ್ನೆಲ್ಲ ಸೇರಿಸಿ ನೋಡಿದರೆ ಬಣ್ಣದ ವ್ಯತ್ಯಾಸ ಹೆಚ್ಚುಕಡಿಮೆ ಉಳಿಯಲೇ ಇಲ್ಲ. ಆ ಓಣಿಗಳಾದರೂ ತಾವಾಗಿ ಹುಟ್ಟಿದವಲ್ಲ. ಮನೆ ಕೊಡುವಾಗ ಬಣ್ಣ ನೋಡಬಾರದು ಅನ್ನುವ 1968ರ ಕಾನೂನು ಬರುವವರೆಗೆ ಕಪ್ಪು ಜನರಿಗೆ ಒಳ್ಳೆ ಕಡೆ ಮನೆ ಕೊಡದೆ, ಸಾಲ ಕೊಡದೆ ಒಂದೆಡೆ ಕೂಡಿಹಾಕಿದ ಕಥೆ ಅದು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾ? ದೇವದುರ್ಗ, ಲಿಂಗಸುಗೂರು ಕಡೆಯಿಂದ ಬೆಂಗಳೂರಿಗೆ ಗುಳೆ ಹೋದವರ ಮಕ್ಕಳನ್ನು ನೋಡಿದ್ದೀರಿ. ತಗಡಿನ ಶೆಡ್ಡು, ಅಪ್ಪ ಅವ್ವ ಇಬ್ಬರೂ ಕಟ್ಟಡದ ಮೇಲೆ. ಆ ಹುಡುಗನ ಮೈಮೇಲೆ ಯಾರಾದರೂ ಕೈ ಮಾಡಿದರೆ ಕೇಳೋರು ಯಾರು? ಊರಲ್ಲಾದರೆ ಕಟ್ಟೆ ಮೇಲೆ ಕೂತ ಮುದುಕನಾದರೂ "ಏಯ್, ಯಾವನಲೇ ಅವ" ಅಂತ ಗದರುತ್ತಿದ್ದ. ಡಲ್ಲಾಸ್‌ಗೆ ಬಂದಿಳಿದ ದಿನ ನಿಮ್ಮ ಮಗನೂ ಆ ಹುಡುಗನೇ, ಏರಿಯಾ ಎಷ್ಟೇ ಒಳ್ಳೆಯದಿರಲಿ.

ನನ್ನ ಮಗನ ಕಥೆ ಹೇಳುತ್ತೇನೆ. ರೇಟಿಂಗ್ ನೋಡಿ ಸೇರಿಸಿದ ಶಾಲೆ. ಏಟು ಬಿದ್ದದ್ದು ಅಲ್ಲೇ, ಆಟದ ಪಿರಿಯಡ್ ಮುಗಿಸಿ ಬಟ್ಟೆ ಬದಲಿಸುವ ಕೋಣೆಯಲ್ಲಿ. ಹೊಡೆದವನು ನಮ್ಮ ದೇಶದ ಹುಡುಗನೇ, ದೀಪಾವಳಿಗೆ ನಮ್ಮ ಮನೆಯ ಹೋಳಿಗೆ ತಿಂದವನು. ಮಗ ಬಾಯಿ ಬಿಡಲಿಲ್ಲ. ಅಂಗಿಗೆ ರಕ್ತ ಹತ್ತಿದ್ದರೆ ತಾನೇ ಬಾತ್‌ರೂಮಿನಲ್ಲಿ ತೊಳೆದು ಹಾಕುತ್ತಿದ್ದ. ನನಗೆ ಗೊತ್ತಾದದ್ದು ಕೆಳಗಿನ ಮನೆಯ ಕಪ್ಪು ಹೆಂಗಸಿನಿಂದ. ರಾತ್ರಿ ಪಾಳಿಯ ನರ್ಸು, ಒಬ್ಬಳೇ ಮಗನನ್ನು ಸಾಕುತ್ತಿದ್ದಳು. ಅಂಚೆ ಡಬ್ಬಿಯ ಹತ್ತಿರ ಸಿಕ್ಕವಳು ಕೇಳಿದಳು: "ನಿಮ್ಮ ಹುಡುಗ ಬಸ್ಸಿಳಿದು ಯಾಕೆ ದಿನಾ ಕಸದ ತೊಟ್ಟಿ ಹಿಂದಿನಿಂದ ಸುತ್ತಿಕೊಂಡು ಬರ್ತಾನೆ?" ಹೊಡೆಯುವವನು ಅದೇ ಬಸ್ಸಲ್ಲಿ ಬರುತ್ತಿದ್ದ, ಅದಕ್ಕೆ.

ಆಮೇಲೆ ಅವಳ ಮಗ ನನ್ನ ಮಗನ ಜೊತೆ ನಡೆದು ಬರತೊಡಗಿದ. ಬಾಡಿಗೆ ಏರಿತು, ಅವರು ಮನೆ ಬಿಟ್ಟರು. ಅವರಿಗೆ ಇದು ಹೊಸದಲ್ಲ. ಬಾಡಿಗೆ ಏರಿದಾಗಲೆಲ್ಲ ಹೊಸ ಮನೆ, ಹುಡುಗನಿಗೆ ಹೊಸ ಶಾಲೆ, ಮತ್ತೆ ಗುರುತಿಲ್ಲದ ಬಸ್ಸು. ಮೊದಮೊದಲು ಫೋನ್ ಇತ್ತು, ಆಮೇಲೆ ನಂಬರ್ ಹೋಗಲಿಲ್ಲ. ಅದೊಂದು ನನ್ನೊಳಗೆ ಹಾಗೇ ಉಳಿದಿದೆ.

ಬಂದೂಕಿನ ಮಾತು ಬೇರೆ. ಸತ್ತವರನ್ನು ಸಮೀಕ್ಷೆಯವರು ಕೇಳಲಾಗುವುದಿಲ್ಲ, ಅಲ್ವಾ? 2020ರಿಂದ ಈ ದೇಶದ ಮಕ್ಕಳು, ಹದಿಹರೆಯದವರು ಸಾಯುವ ಕಾರಣಗಳಲ್ಲಿ ಗುಂಡೇಟೇ ಮೊದಲು. ಅದರಲ್ಲೂ ಕಪ್ಪು ಹುಡುಗರ ಪಾಲು ಬಹಳ ದೊಡ್ಡದು. ನಿಮ್ಮ ಮಗ ಯಾರ ಮನೆಗಾದರೂ ಆಡಲು ಹೋಗುವ ಮುಂಚೆ "ಮನೆಯಲ್ಲಿ ಬಂದೂಕು ಇದೆಯಾ, ಬೀಗ ಹಾಕಿದ್ದೀರಾ" ಅಂತ ಕೇಳಿ. ಸಂಕೋಚ ಬೇಡ, ಟೆಕ್ಸಾಸ್‌ನಲ್ಲಿ ಕೇಳಲೇಬೇಕು. ನಮ್ಮ ಬಣ್ಣ ನೋಡಿ ಗುಂಡು ಹಾರಿಸಿದವರೂ ಇದ್ದಾರೆ. 2017ರಲ್ಲಿ ಕಾನ್ಸಾಸ್‌ನ ಒಲೇತದಲ್ಲಿ ನಮ್ಮ ದೇಶದ ಇಂಜಿನಿಯರ್ ಶ್ರೀನಿವಾಸ್ ಕೂಚಿಭೋಟ್ಲ ಹಾಗೇ ಹೋದರು. ಅಂಥದ್ದು ಅಪರೂಪ. ನನ್ನ ಮಗ ತಿಂದಂಥ ಏಟು ಅಪರೂಪವಲ್ಲ.

ಶಾಲೆಯಲ್ಲಿ ಬಣ್ಣ, ದೇಶ ಹಿಡಿದು ಹಿಂಸೆ ಕೊಟ್ಟರೆ ಬಾಯಿಮಾತಲ್ಲಿ ಹೇಳಿ ಬರಬೇಡಿ, ಈಮೇಲ್ ಹಾಕಿ. 1964ರ ನಾಗರಿಕ ಹಕ್ಕು ಕಾಯ್ದೆಯಂತೆ ಸರ್ಕಾರದ ದುಡ್ಡು ಪಡೆಯುವ ಶಾಲೆ ಅದನ್ನು ಸುಮ್ನೆ ಬಿಡುವಂತಿಲ್ಲ. "ಹೋಗಲಿ ಬಿಡು, ದೊಡ್ಡದು ಮಾಡಬೇಡ" ಅನ್ನೋ ನಮ್ಮ ಮನೆಮಾತು ಇಲ್ಲಿ ಕೆಲಸಕ್ಕೆ ಬರಲ್ಲ. ಕೈ ಮೀರಿದರೆ ಇಲ್ಲಿನ ತುರ್ತು ನಂಬರ್ 911ಕ್ಕೆ ಫೋನ್ ಮಾಡಿ.

ಇನ್ನು ಮನೆ. ಮಕ್ಕಳ ನಡುವಿನ ಹೊಡೆದಾಟ ಹೆಚ್ಚಾಗುವುದು ಶಾಲೆ ಬಿಟ್ಟ ಮೇಲಿನ ಹೊತ್ತಲ್ಲಿ, ದೊಡ್ಡವರು ಇನ್ನೂ ಆಫೀಸಿನಲ್ಲಿರುವಾಗ. ಹಾಗಾಗಿ ಭಾನುವಾರ ಮನೆ ನೋಡಲು ಹೋಗಬೇಡಿ. ಶಾಲೆ ಇರುವ ದಿನ, ಬಸ್ಸು ಬರುವ ಹೊತ್ತಿಗೆ ಹೋಗಿ ನಿಲ್ಲಿ. ಹೊರಗೆ ದೊಡ್ಡವರು ಯಾರಾದರೂ ಕೂತಿರುತ್ತಾರಾ, ಲೈಬ್ರರಿ ನಡೆದು ಹೋಗುವಷ್ಟು ಹತ್ತಿರ ಇದೆಯಾ ನೋಡಿ. ಅಡ್ವಾನ್ಸ್ ಕೊಡುವ ಮುಂಚೆ ನನಗೊಂದು ಫೋನ್ ಮಾಡಿ, ಜೊತೆಗೆ ಬರುತ್ತೇನೆ.